ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಇಟ್ಟುಕೊಂಡು ಜರ್ಮನಿ–ಇಟಲಿ ಕಾರ್ ಟ್ರಿಪ್: ಹೇಗೆ ಪ್ಲಾನ್ ಮಾಡೋದು?

ಮಲ್ನಾಡ್ ಮ್ಯಾನ್ಯುಯಲ್:

ನಮಸ್ಕಾರ. ನನಗೂ ನನ್ನ ತಮ್ಮನಿಗೂ ಕಾರಿನ ಹುಚ್ಚು. ಮುಂದಿನ ಸೆಪ್ಟೆಂಬರ್‌ನಲ್ಲಿ ಇಬ್ಬರೇ ಯೂರೋಪಿಗೆ ಹೋಗಿ, ಒಂದು ಕಾರು ಬಾಡಿಗೆಗೆ ತಗೊಂಡು, ಎರಡು ವಾರ ಸುತ್ತಬೇಕು ಅಂತ ಇದೆ. ಐಫೆಲ್ ಟವರ್, ಪೀಸಾ ಗೋಪುರ ಎಲ್ಲ ಬೇಡ. ಅವನ್ನ ಮುಂದೆ ಯಾವಾಗಲಾದರೂ ಮನೆಯವರ ಜೊತೆ ನೋಡಿದರಾಯಿತು. ನಮಗೆ ಬೇಕಿರೋದು ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್, ಸ್ಟುಟ್‌ಗಾರ್ಟಿನ ಬೆನ್ಸ್ ಮತ್ತು ಪೋರ್ಷೆ ಮ್ಯೂಸಿಯಂ, ಮ್ಯೂನಿಕ್‌ನ ಬಿಎಂಡಬ್ಲ್ಯೂ, ಆಲ್ಪ್ಸ್‌ನ ಘಾಟಿ ರಸ್ತೆ ಸ್ಟೆಲ್ವಿಯೋ ಪಾಸ್, ಫೆರಾರಿಯ ಊರು ಮರನೆಲ್ಲೋ. ತಮ್ಮನ ಪಟ್ಟಿಯಲ್ಲಿ ರೇಸು ನಡೆಯುವ ಇನ್ನೂ ನಾಲ್ಕು ಜಾಗ, ಬೆಲ್ಜಿಯಂನ ಸ್ಪಾ, ಫ್ರಾನ್ಸಿನ ಲ ಮಾನ್, ಮೊನಾಕೊ, ಇಂಗ್ಲೆಂಡಿನ ಗುಡ್‌ವುಡ್ ಕೂಡ ಇವೆ. ಮ್ಯಾಪ್ ಮೇಲೆ ಗೆರೆ ಎಳೆದರೆ ಎರಡು ವಾರ ಅಲ್ಲ, ಎರಡು ತಿಂಗಳು ಬೇಕು.

ಪಾಯಿಂಟ್ಸ್ ವಿಷಯ. ಆ್ಯಕ್ಸಿಸ್, ಎಚ್‌ಡಿಎಫ್‌ಸಿ, ಅಮೆಕ್ಸ್ ಮೂರೂ ಸೇರಿ ನಾಲ್ಕು ಲಕ್ಷದ ಹತ್ತಿರ ಇವೆ. ಬ್ಯಾಂಕಿನ ಪೋರ್ಟಲ್‌ನಲ್ಲಿ ಫ್ಲೈಟ್, ಹೋಟೆಲ್, ಕಾರು ಮೂರನ್ನೂ ಪಾಯಿಂಟ್ಸ್‌ನಲ್ಲೇ ಬುಕ್ ಮಾಡಬಹುದು ಅಂತ ತೋರಿಸುತ್ತಿದೆ. ಆಫೀಸಿನಲ್ಲಿ ಒಬ್ಬರು ಅದೆಲ್ಲ ದಂಡ, ಏರ್‌ಲೈನ್‌ಗೆ ಟ್ರಾನ್ಸ್‌ಫರ್ ಮಾಡಿ ಅಂದರು. ಯಾವ ಏರ್‌ಲೈನ್, ಎಷ್ಟು, ಅಂತ ಕೇಳಿದರೆ ಯೂಟ್ಯೂಬ್ ನೋಡಿ ಅಂತಾರೆ. ನೋಡಿದೆ, ತಲೆ ಕೆಟ್ಟಿತು.

ಇಬ್ಬರೂ ಮ್ಯಾನ್ಯುಯಲ್ ಓಡಿಸುತ್ತೇವೆ, ಘಾಟಿ ಅಭ್ಯಾಸ ಇದೆ. ಬಲಗಡೆ ಓಡಿಸಿ ಗೊತ್ತಿಲ್ಲ. ಒಂದೇ ಒಂದು ದಿನವಾದರೂ ಪೋರ್ಷೆ 911 ಓಡಿಸಬೇಕು ಅಂತ ತಮ್ಮನ ಹಟ. ಹೋಗಿ ಬಂದವರು, ಅಲ್ಲೇ ಇರುವವರು ಸ್ವಲ್ಪ ದಾರಿ ತೋರಿಸಿ.


ಪಾಯಿಂಟ್ಸ್ ಪಂಡಿತ:

ಕಾರಿಗೆ ಪಾಯಿಂಟ್ಸ್ ಹಾಕಬೇಡಿ. ಇದೊಂದು ತೀರ್ಮಾನ ಮಾಡಿಕೊಂಡರೆ ಮಿಕ್ಕಿದ್ದು ಸುಲಭ.

ಯಾಕೆ ಅಂದರೆ, ಪೋರ್ಟಲ್‌ನಲ್ಲಿ ಕಾರು ಬುಕ್ ಮಾಡಿದಾಗ ನಿಮಗೂ ಬಾಡಿಗೆ ಕಂಪನಿಗೂ ನಡುವೆ ಒಬ್ಬ ದಲ್ಲಾಳಿ ಕೂತಿರುತ್ತಾನೆ. ಕಾರನ್ನ ಇಟಲಿಗೆ ತಗೊಂಡು ಹೋಗಬಹುದಾ, ಎರಡನೇ ಡ್ರೈವರ್‌ಗೆ ಎಷ್ಟು, ಡೆಪಾಸಿಟ್ ಎಷ್ಟು ಬ್ಲಾಕ್ ಮಾಡುತ್ತಾರೆ, ಈ ಯಾವ ಪ್ರಶ್ನೆಗೂ ಅಲ್ಲಿ ಸರಿಯಾದ ಉತ್ತರ ಸಿಗೋದಿಲ್ಲ. ಕೌಂಟರ್ ಮುಂದೆ ನಿಂತಾಗ ಗೊತ್ತಾಗುತ್ತದೆ. ಅದೂ ಅಲ್ಲದೆ ಒಂದು ಪಾಯಿಂಟ್‌ಗೆ ಸಿಗುವ ಬೆಲೆಯೂ ಕಡಿಮೆ. ಕಾರಿಗೆ ದುಡ್ಡು ಕೊಡಿ, ಕಂಪನಿಯ ವೆಬ್‌ಸೈಟಿನಲ್ಲೇ ಬುಕ್ ಮಾಡಿ. ಪಾಯಿಂಟ್ಸ್ ಎಲ್ಲ ಫ್ಲೈಟ್ ಮತ್ತು ಹೋಟೆಲ್‌ಗೆ.

ಈಗ ಫ್ಲೈಟ್. ಬೆಂಗಳೂರಿನಿಂದ ಲುಫ್ತಾನ್ಸಾ ನೇರವಾಗಿ ಫ್ರಾಂಕ್‌ಫರ್ಟ್‌ಗೂ ಹೋಗುತ್ತದೆ, 2023ರಿಂದ ಮ್ಯೂನಿಕ್‌ಗೂ ಹೋಗುತ್ತಿದೆ. ಇದು ನಿಮ್ಮ ಟ್ರಿಪ್‌ಗೆ ಹೇಳಿ ಮಾಡಿಸಿದ ಹಾಗಿದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತಿ. ಮಾಮೂಲಿ ಟಿಕೆಟ್‌ನಲ್ಲಿ ಹೀಗೆ ಬೇರೆ ಬೇರೆ ಊರು ಮಾಡಿದರೆ ಒಮ್ಮೊಮ್ಮೆ ಬೆಲೆ ಏರುತ್ತದೆ. ಪಾಯಿಂಟ್ಸ್ ಏರ್‌ಲೈನ್‌ಗೆ ಕಳಿಸಿದ ಮೇಲೆ ಅದಕ್ಕೆ ಮೈಲ್ಸ್ ಅಂತ ಹೆಸರು. ಮೈಲ್ಸ್ ಟಿಕೆಟ್‌ನಲ್ಲಿ ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು ಅಂತ ಬೇರೆ ಬೇರೆಯೇ ಲೆಕ್ಕ ಹಾಕೋದು ಜಾಸ್ತಿ, ಅದಕ್ಕೆ ಆ ತೊಂದರೆ ಇಲ್ಲ.

ಆದರೆ ಲುಫ್ತಾನ್ಸಾದ ಸ್ವಂತ ಪ್ರೋಗ್ರಾಂ ಮೈಲ್ಸ್ ಆ್ಯಂಡ್ ಮೋರ್‌ನಲ್ಲೇ ಬುಕ್ ಮಾಡಿದರೆ ಮೈಲ್ಸ್ ಜೊತೆ ಸರ್‌ಚಾರ್ಜ್ ಅಂತ ದೊಡ್ಡ ಮೊತ್ತ ಕೀಳುತ್ತಾರೆ. 2025ರ ಜೂನ್‌ನಿಂದ ಮೈಲ್ಸ್ ದರವೂ ಬೇಡಿಕೆ ನೋಡಿಕೊಂಡು ಏರಿಳಿಯುತ್ತಿದೆ. ಅದೇ ವಿಮಾನದ ಅದೇ ಸೀಟನ್ನ ಏರ್ ಕೆನಡಾದ ಪ್ರೋಗ್ರಾಂ ಏರೋಪ್ಲಾನ್‌ನಲ್ಲಿ ಬುಕ್ ಮಾಡಿದರೆ ಆ ಸರ್‌ಚಾರ್ಜ್ ಇರೋದಿಲ್ಲ, ಏರ್‌ಪೋರ್ಟ್ ತೆರಿಗೆ ಮತ್ತು ಒಂದು ಸಣ್ಣ ಬುಕಿಂಗ್ ಫೀಸು ಕೊಟ್ಟರಾಯಿತು. ಎರಡೂ ಸ್ಟಾರ್ ಅಲಯನ್ಸ್ ಅನ್ನೋ ಒಂದೇ ಒಕ್ಕೂಟದ ಕಂಪನಿಗಳು, ಹಾಗಾಗಿ ಇದು ಸಾಧ್ಯ. ಇನ್ನೊಂದು ದಾರಿ ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಸೇರಿ ನಡೆಸುವ ಪ್ರೋಗ್ರಾಂ ಫ್ಲೈಯಿಂಗ್ ಬ್ಲೂ. ಬೆಂಗಳೂರಿನಿಂದ ಏರ್ ಫ್ರಾನ್ಸ್ ಪ್ಯಾರಿಸ್‌ಗೆ, ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುತ್ತವೆ, ಅಲ್ಲಿಂದ ಜರ್ಮನಿಗೆ ಗಂಟೆ-ಒಂದೂವರೆ ಗಂಟೆ. ಇದರಲ್ಲಿ ತಿಂಗಳು ತಿಂಗಳು ಪ್ರೋಮೋ ಅಂತ ಕೆಲವು ದಾರಿಗಳಿಗೆ ಮೈಲ್ಸ್ ಇಳಿಸುತ್ತಾರೆ.

ನಿಮ್ಮ ಮೂರು ಬ್ಯಾಂಕುಗಳಲ್ಲಿ ಯಾವುದರಿಂದ ಎಲ್ಲಿಗೆ, ಎಷ್ಟಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಮಿತಿ ಅನ್ನೋದನ್ನ ಆ ದಿನವೇ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ. ಅನುಪಾತ ಆಗಾಗ ಬದಲಾಗುತ್ತದೆ, ಹಳೇ ವಿಡಿಯೋ ನಂಬಬೇಡಿ. ಇನ್ನೊಂದು, ಎರಡು ಸೀಟು ಕಣ್ಣಿಗೆ ಕಾಣುವ ತನಕ ಒಂದು ಪಾಯಿಂಟನ್ನೂ ಕಳಿಸಬೇಡಿ. ಕಳಿಸಿದ್ದು ವಾಪಸ್ ಬರೋದಿಲ್ಲ. ಕೆಲವು ಟ್ರಾನ್ಸ್‌ಫರ್ ನಿಮಿಷದಲ್ಲಿ ಆಗುತ್ತದೆ, ಕೆಲವಕ್ಕೆ ದಿನಗಟ್ಟಲೆ ಬೇಕು, ಅಷ್ಟರಲ್ಲಿ ಸೀಟು ಇನ್ಯಾರದೋ ಪಾಲು.

ಬಿಸಿನೆಸ್ ಕ್ಲಾಸ್ ಆಸೆ ಇದ್ದೇ ಇರುತ್ತದೆ. ಇಬ್ಬರಿಗೂ ಎರಡೂ ಕಡೆಗೆ ಅಂದರೆ ನಾಲ್ಕು ಲಕ್ಷ ಅಲ್ಲೇ ಖಾಲಿ. ನನ್ನ ಪ್ರಕಾರ ಇಕಾನಮಿಯಲ್ಲಿ ಹೋಗಿ, ಮಿಕ್ಕಿದ್ದನ್ನ ಹೋಟೆಲ್‌ಗೆ ಹಾಕಿ. ಅಕೋರ್ ಹೋಟೆಲ್‌ಗಳ ಪ್ರೋಗ್ರಾಂನಲ್ಲಿ 2,000 ಪಾಯಿಂಟ್‌ಗೆ 40 ಯೂರೋ, ಅದು ಸ್ಥಿರ. ಸೀಸನ್ನು ಅದು ಇದು ಅಂತ ಪಾಯಿಂಟ್‌ನ ಬೆಲೆ ಬದಲಾಗೋದಿಲ್ಲ, ಬಿಲ್‌ನಲ್ಲಿ ಅಷ್ಟು ಕಳೆಯುತ್ತಾರೆ. ನಿಮ್ಮ ಬ್ಯಾಂಕಿನ ಪಾರ್ಟ್‌ನರ್ ಪಟ್ಟಿಯಲ್ಲಿ ಅಕೋರ್ ಇದ್ದರೆ ರೋಡ್ ಟ್ರಿಪ್‌ಗೆ ಇದಕ್ಕಿಂತ ಒಳ್ಳೇದು ಇಲ್ಲ. ಐಬಿಸ್, ಮೆರ್ಕ್ಯೂರ್, ನೊವೊಟೆಲ್ ಎಲ್ಲ ಅವರದ್ದೇ, ಹೈವೇ ಪಕ್ಕದಲ್ಲಿ ಪಾರ್ಕಿಂಗ್ ಸಮೇತ ಸಿಗುತ್ತವೆ. ಮ್ಯಾರಿಯಟ್‌ನಲ್ಲಿ ಪಾಯಿಂಟ್ಸ್‌ನಿಂದ ಸತತ ಐದು ರಾತ್ರಿ ಬುಕ್ ಮಾಡಿದರೆ ನಾಲ್ಕಕ್ಕೇ ಲೆಕ್ಕ. ಆದರೆ ದಿನಾ ಊರು ಬದಲಿಸುವ ನಿಮಗೆ ಅದು ಕೆಲಸಕ್ಕೆ ಬರೋದಿಲ್ಲ.


ನೆಕ್ಕರ್ ತೀರ:

ನಾನು ಸ್ಟುಟ್‌ಗಾರ್ಟ್ ಪಕ್ಕದಲ್ಲಿರುತ್ತೇನೆ. ಇಲ್ಲಿ ಕನ್ನಡದವರು ಬೇಕಾದಷ್ಟು ಜನ ಇದ್ದೇವೆ, ಅರ್ಧ ಜನ ಬೆಂಗಳೂರಿನ ಯಾವುದಾದರೂ ಜರ್ಮನ್ ಕಂಪನಿಯ ಆಫೀಸಿನಿಂದ ಬಂದವರೇ.

ಮೊದಲು ತಮ್ಮನ ಪಟ್ಟಿಗೆ ಕತ್ತರಿ. ಲ ಮಾನ್ 24 ಗಂಟೆ ರೇಸು ನಡೆಯೋದು ಜೂನ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಅಷ್ಟು ದೂರ ಹೋಗಿ ಏನು ಮಾಡುತ್ತೀರಿ? ಗುಡ್‌ವುಡ್ ರಿವೈವಲ್ ಸೆಪ್ಟೆಂಬರ್‌ನಲ್ಲೇ, ಆದರೆ ಅದಕ್ಕೆ ಬ್ರಿಟನ್ ವೀಸಾ ಬೇರೆ. ಮೊನಾಕೊದಲ್ಲಿ ಕಾರು ಓಡೋದಿಲ್ಲ, ನಿಲ್ಲುತ್ತದೆ. ಅದೂ ಬಿಡಿ.

ಕಾರನ್ನ ಫ್ರಾಂಕ್‌ಫರ್ಟ್‌ನಲ್ಲಿ ತಗೊಂಡು ಮ್ಯೂನಿಕ್‌ನಲ್ಲಿ ಬಿಡಿ. ಎರಡೂ ಜರ್ಮನಿಯೊಳಗೇ ಇರೋದರಿಂದ ಬೇರೆ ಊರಲ್ಲಿ ಬಿಟ್ಟದ್ದಕ್ಕೆ ಹಾಕುವ ಚಾರ್ಜು ಇರೋದಿಲ್ಲ, ಇದ್ದರೂ ಕಡಿಮೆ. ಅದೇ ಕಾರನ್ನ ಮಿಲಾನ್‌ನಲ್ಲಿ ಬಿಡುತ್ತೇನೆ ಅಂದು ನೋಡಿ, ಬಾಡಿಗೆಗಿಂತ ಆ ಚಾರ್ಜೇ ಜಾಸ್ತಿ ಕಾಣಿಸಬಹುದು. ಪಂಡಿತರು ಹೇಳಿದ ಫ್ಲೈಟ್ ಇದಕ್ಕೆ ಸರಿಯಾಗಿ ಕೂರುತ್ತದೆ.

ಬಂದಿಳಿದ ದಿನ ಕಾರು ತಗೋಬೇಡಿ. ರಾತ್ರಿಯೆಲ್ಲ ವಿಮಾನದಲ್ಲಿ ನಿದ್ದೆ ಕೆಟ್ಟು, ಎಡ-ಬಲ ಅದಲು ಬದಲಾದ ರಸ್ತೆಗೆ, ನೇರ ಆಟೋಬಾನ್‌ಗೆ, ಅಂದರೆ ಇಲ್ಲಿನ ಹೈವೇಗೆ, ಇಳಿಯೋದು ಬೇಡ. ಏರ್‌ಪೋರ್ಟ್ ಪಕ್ಕ ಒಂದು ರಾತ್ರಿ ಮಲಗಿ ಬೆಳಗ್ಗೆ ಹೊರಡಿ.

ಮೊದಲು ನ್ಯೂರ್ಬರ್ಗ್‌ರಿಂಗ್, ಫ್ರಾಂಕ್‌ಫರ್ಟ್‌ನಿಂದ ಎರಡು ಗಂಟೆ ಆಸುಪಾಸು. ಆಮೇಲೆ ದಕ್ಷಿಣಕ್ಕೆ, ದಾರಿಯಲ್ಲಿ ಝಿನ್ಸ್‌ಹೈಮ್. ಅಲ್ಲಿನ ಟೆಕ್ನಿಕ್ ಮ್ಯೂಸಿಯಂನ ಮಾಡಿನ ಮೇಲೆ ಕಾಂಕಾರ್ಡ್ ಮತ್ತು ರಷ್ಯಾದ ಟುಪೊಲೆವ್ 144 ಎರಡನ್ನೂ ಮೂತಿ ಮೇಲೆತ್ತಿ ನಿಲ್ಲಿಸಿದ್ದಾರೆ, ಒಳಗೆ ಹೋಗಿ ಇಳಿಜಾರಿನಲ್ಲಿ ಹತ್ತಿ ನೋಡಬಹುದು. ಇದನ್ನ ಸೋಮವಾರಕ್ಕೆ ಇಟ್ಟುಕೊಳ್ಳಿ. ಯಾಕೆಂದರೆ ಬೆನ್ಸ್ ಮ್ಯೂಸಿಯಂ, ಪೋರ್ಷೆ ಮ್ಯೂಸಿಯಂ, ಮ್ಯೂನಿಕ್‌ನ ಬಿಎಂಡಬ್ಲ್ಯೂ ಮ್ಯೂಸಿಯಂ ಮೂರೂ ಸೋಮವಾರ ರಜೆ. ಝಿನ್ಸ್‌ಹೈಮ್ ವರ್ಷದ 365 ದಿನವೂ ತೆರೆದಿರುತ್ತದೆ.

ಸ್ಟುಟ್‌ಗಾರ್ಟ್‌ನಲ್ಲಿ ಬೆನ್ಸ್‌ಗೆ ಇಡೀ ದಿನ ಕೊಡಿ. ಲಿಫ್ಟ್‌ನಲ್ಲಿ ಮೇಲಕ್ಕೆ ಹೋದರೆ ಎದುರಿಗೆ ಮೊದಲು ಕಾಣೋದು ಕಾರಲ್ಲ, ಒಂದು ಬಿಳಿ ಕುದುರೆ. ಅಲ್ಲಿಂದ 1886ರ ಮೂರು ಚಕ್ರದ ಗಾಡಿ, ಹಾಗೇ ಸುತ್ತುತ್ತಾ ಕೆಳಗಿಳಿಯುತ್ತಾ ಇವತ್ತಿನ ತನಕ ಬರುತ್ತೀರಿ. ಪೋರ್ಷೆಯದ್ದು ಚಿಕ್ಕದು, ಅರ್ಧ ದಿನ ಸಾಕು. ಅದಕ್ಕೆ ಕಾರು ಹೋಟೆಲ್‌ನಲ್ಲೇ ಬಿಟ್ಟು ಎಸ್6 ಲೋಕಲ್ ಟ್ರೈನಿನಲ್ಲಿ ಹೋಗಿ, ಸ್ಟೇಷನ್ ಎದುರಿಗೇ ಇದೆ.

ಆಮೇಲೆ ಆಲ್ಪ್ಸ್. ಸ್ಟುಟ್‌ಗಾರ್ಟ್‌ನಿಂದ ಫ್ಯೂಸೆನ್, ಫರ್ನ್‌ಪಾಸ್, ಲ್ಯಾಂಡೆಕ್, ರೆಶನ್ ಪಾಸ್ ದಾಟಿದರೆ ಇಟಲಿ. ದಾರಿಯಲ್ಲಿ ಒಂದು ಸರೋವರದ ನೀರೊಳಗಿಂದ ಚರ್ಚಿನ ಗೋಪುರ ಮಾತ್ರ ಮೇಲೆ ನಿಂತಿರುತ್ತದೆ. 1950ರಲ್ಲಿ ಡ್ಯಾಂ ಕಟ್ಟಿ ಗ್ರೌನ್ ಅನ್ನೋ ಹಳ್ಳಿಯನ್ನೇ ಮುಳುಗಿಸಿದರು. ಶರಾವತಿ ಕಡೆಯವರು ಅಲ್ಲಿ ಒಂದು ನಿಮಿಷ ಜಾಸ್ತಿ ನಿಲ್ಲುತ್ತಾರೆ. ಮುಂದೆ ಪ್ರಾಟೋ ಅನ್ನೋ ಊರಲ್ಲಿ ರಾತ್ರಿ ತಂಗಿ.

ಪ್ರಾಟೋದಿಂದ ಮೇಲೆ ಹತ್ತಿದರೆ ಮಾತ್ರ ಸ್ಟೆಲ್ವಿಯೋದ ಆ 48 ತಿರುವು ಸಿಗೋದು. ಪ್ರತಿ ತಿರುವಿಗೂ ನಂಬರ್ ಕಲ್ಲು ಇದೆ, ಕೆಳಗೆ 48, ಮೇಲೆ ಹೋಗುತ್ತಾ ಇಳಿಯುತ್ತಾ 1. ಎತ್ತರ 2,757 ಮೀಟರ್. ಆಗುಂಬೆಯ 14 ತಿರುವು ಹತ್ತಿದವರಿಗೆ ಕೈ ಪಳಗಿರುತ್ತದೆ, ಆದರೆ ಇಲ್ಲಿ ರಸ್ತೆ ಇನ್ನೂ ಕಿರಿದು, ಮೇಲಿನಿಂದ ಬಸ್ಸು ಬಂದರೆ ತಿರುವಿನಲ್ಲಿ ಇಡೀ ರಸ್ತೆ ಅದಕ್ಕೇ ಬೇಕು. ಸೈಕಲ್‌ನವರು, ಬೈಕಿನವರು ಸಾಲುಗಟ್ಟಿ ಬರುತ್ತಾರೆ. ಬೆಳಗ್ಗೆ ಏಳರೊಳಗೆ ಹತ್ತಲು ಶುರು ಮಾಡಿ, ಹತ್ತು ಗಂಟೆ ಮೇಲೆ ಹೋದರೆ ಮೆರವಣಿಗೆ. ಪುಟ್ಟ ಮ್ಯಾನ್ಯುಯಲ್ ಕಾರು ಇದ್ದರೆ ಇಲ್ಲಿ ಮಜಾ. ದೊಡ್ಡ ಎಸ್‌ಯುವಿ ತಗೊಂಡರೆ ಪ್ರತಿ ತಿರುವಿನಲ್ಲೂ ಬೆವರು. ಯೂರೋಪಿನಲ್ಲಿ ಮ್ಯಾನ್ಯುಯಲ್ ಬಾಡಿಗೆ ಕಡಿಮೆಯೂ ಹೌದು.

ಆ ಕಡೆ ಬೋರ್ಮಿಯೋಗೆ ಇಳಿದು, ಬ್ರೆಷಿಯಾ ಮೇಲೆ ಮೋಡೆನಾ. ಬ್ರೆಷಿಯಾ ಅಂದರೆ 1927ರಲ್ಲಿ ಮಿಲ್ಲೆ ಮಿಲಿಯಾ ರೇಸು ಶುರುವಾದ ಊರು. ಮೋಡೆನಾದಲ್ಲಿ ಎರಡು ರಾತ್ರಿ ಇರಿ. ವಾಪಸ್ ಬರುವಾಗ ಎ22 ಹೈವೇಯಲ್ಲಿ ಉತ್ತರಕ್ಕೆ, ಬೋಲ್ಝಾನೋ ದಾಟಿ ಬ್ರಿಕ್ಸನ್ ಹತ್ತಿರ ಬಲಕ್ಕೆ ತಿರುಗಿ ಆಸ್ಟ್ರಿಯಾದ ಲಿಯೆನ್ಸ್, ಅಲ್ಲಿಂದ ಗ್ರೋಸ್‌ಗ್ಲಾಕ್ನರ್ ಬೆಟ್ಟದ ರಸ್ತೆ. 1935ರಲ್ಲಿ ತೆರೆದದ್ದು, 48 ಕಿಲೋಮೀಟರ್, 36 ತಿರುವು. ಟೋಲ್ 45 ಯೂರೋ ಆಸುಪಾಸು, ಕೊಟ್ಟದ್ದಕ್ಕೆ ಮೋಸ ಇಲ್ಲ. ರಸ್ತೆ ಅಗಲ, ನುಣುಪು. ಸ್ಟೆಲ್ವಿಯೋ ಹೆಸರು ದೊಡ್ಡದು, ಓಡಿಸುವ ಖುಷಿ ಗ್ಲಾಕ್ನರ್‌ನಲ್ಲೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಅಲ್ಲಿಂದ ಸಂಜೆಗೆ ಮ್ಯೂನಿಕ್.

ಮ್ಯೂನಿಕ್‌ನ ಕೊನೆ ರಾತ್ರಿಗಳ ತಾರೀಖು ನೋಡಿಕೊಳ್ಳಿ. ಸೆಪ್ಟೆಂಬರ್ ಮೂರನೇ ಶನಿವಾರದ ಆಸುಪಾಸಿನಿಂದ ಅಕ್ಟೋಬರ್ ಮೊದಲ ವಾರದ ತನಕ ಅಕ್ಟೋಬರ್‌ಫೆಸ್ಟ್. ಆಗ ಹೋಟೆಲ್ ಬೆಲೆ ಕೇಳಲೇಬೇಡಿ.


ಹಳೇಗಾಡಿ:

ನೆಕ್ಕರ್ ಅವರ ದಾರಿ ಚೆನ್ನಾಗಿದೆ, ಆದರೆ ಹೊಸ ಕಾರಿನವರ ದಾರಿ. ಎರಡು ಜಾಗ ಸೇರಿಸಿ.

ಒಂದು, ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್. ನೀವು ಹೇಗೂ ಆ ಕಡೆಯೇ ಹೋಗುತ್ತೀರಿ. 1888ರ ಆಗಸ್ಟ್‌ನಲ್ಲಿ ಬೆರ್ಟಾ ಬೆನ್ಸ್ ಗಂಡ ಕಾರ್ಲ್ ಬೆನ್ಸ್‌ಗೆ ಹೇಳದೆ, ಅವನು ಮಾಡಿದ ಆ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಹುಡುಗರನ್ನ ಕೂರಿಸಿಕೊಂಡು ತವರಿಗೆ ಹೊರಟಳು. ಜಗತ್ತಿನ ಮೊದಲ ಲಾಂಗ್ ಡ್ರೈವ್ ಅದು. ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲದ ಕಾಲ. ವೀಸ್‌ಲೋಕ್ ಅನ್ನೋ ಊರಿನ ಔಷಧಿ ಅಂಗಡಿಗೆ ಹೋಗಿ, ಕಲೆ ತೆಗೆಯಲು ಬಳಸುವ ಲಿಗ್ರೋಯಿನ್ ಕೊಂಡು ಟ್ಯಾಂಕಿಗೆ ಸುರಿದಳು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಲ್ಲಿ ಚುಚ್ಚಿ ಬಿಡಿಸಿದಳು. ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದಾಗ ದಾರಿಯಲ್ಲಿ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಅಂದರೆ ಬ್ರೇಕ್ ಲೈನಿಂಗ್ ಹುಟ್ಟಿದ್ದು ಹಾಗೆ. ಇಂಜಿನ್‌ಗೆ ಏರಿನಲ್ಲಿ ಶಕ್ತಿ ಸಾಲದು ಅಂತ ಅವಳು ವಾಪಸ್ ಬಂದು ಹೇಳಿದ ಮೇಲೆ ಕಾರ್ಲ್ ಬೆನ್ಸ್ ಇನ್ನೊಂದು ಗೇರ್ ಸೇರಿಸಿದ. ಆ ದಾರಿಗೆ ಈಗ ಬೋರ್ಡ್ ಹಾಕಿದ್ದಾರೆ, ಹಳ್ಳಿಗಳ ನಡುವಿನ ಒಳರಸ್ತೆ. ಆಟೋಬಾನ್ ಬಿಟ್ಟು ಇದರಲ್ಲಿ ಬನ್ನಿ, ಬಲಗಡೆ ಓಡಿಸೋದೂ ಅಭ್ಯಾಸ ಆಗುತ್ತದೆ.

ಎರಡು, ಫ್ರಾನ್ಸಿನ ಮುಲೂಸ್. ಸ್ಟುಟ್‌ಗಾರ್ಟ್‌ನಿಂದ ಎರಡೂವರೆ-ಮೂರು ಗಂಟೆ. ಶ್ಲುಂಫ್ ಅಂತ ಅಣ್ಣತಮ್ಮ ಇಬ್ಬರು ಉಣ್ಣೆ ಗಿರಣಿ ನಡೆಸುತ್ತಿದ್ದರು. ಗಿರಣಿ ದುಡ್ಡನ್ನೆಲ್ಲ ಸುರಿದು ಗುಟ್ಟಾಗಿ ಕಾರು ಕೂಡಿ ಹಾಕಿದರು, ಅದರಲ್ಲೂ ಬುಗಾಟಿ ಅಂದರೆ ಪ್ರಾಣ. ವ್ಯಾಪಾರ ಮುಳುಗಿತು, ಅಣ್ಣತಮ್ಮ ಗಡಿ ದಾಟಿ ಸ್ವಿಟ್ಜರ್‌ಲೆಂಡಿಗೆ ಹೋದರು. 1977ರಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಬಾಗಿಲು ಒಡೆದು ಒಳಗೆ ಹೋದರೆ ಏನಿದೆ? ಸಾಲು ಸಾಲು ಹೊಳೆಯುವ ಕಾರು, ಪ್ಯಾರಿಸ್‌ನ ಸೇತುವೆಯ ದೀಪಕಂಬಗಳ ನಕಲು ನೂರಾರು. ನಮಗೆ ಸಂಬಳ ಇಲ್ಲ ಅಂದದ್ದು ಇದಕ್ಕಾ ಅಂತ ಆ ಜಾಗವನ್ನೇ ಹಿಡಿದು, ಜನರಿಗೆ ತೆರೆದು, ಎರಡು ವರ್ಷ ಅವರೇ ನಡೆಸಿದರು. ಈಗ ಅದು ರಾಷ್ಟ್ರೀಯ ಮ್ಯೂಸಿಯಂ. ಬುಗಾಟಿ ರೋಯಾಲ್ ಜಗತ್ತಿನಲ್ಲಿ ಉಳಿದಿರೋದು ಆರು, ಎರಡು ಇಲ್ಲಿವೆ. ಕಂಪನಿ ಮ್ಯೂಸಿಯಂಗಳು ಎಷ್ಟಾದರೂ ಶೋರೂಂ, ತಮ್ಮ ಸೋಲನ್ನ ಅವರು ಗೋಡೆಗೆ ಹಾಕೋದಿಲ್ಲ. ಇಲ್ಲಿ ಹಾಗಲ್ಲ.

ಲಿಯೆನ್ಸ್ ತನಕ ಹೋದ ಮೇಲೆ ಇನ್ನೊಂದು ಗಂಟೆ ಚಿಲ್ಲರೆ ಪೂರ್ವಕ್ಕೆ ಹೋದರೆ ಗ್ಮ್ಯೂಂಡ್ ಅನ್ನೋ ಪುಟ್ಟ ಊರು. 1948ರಲ್ಲಿ ಪೋರ್ಷೆ ಹೆಸರಿನ ಮೊದಲ ಕಾರು 356 ತಯಾರಾಗಿದ್ದು ಸ್ಟುಟ್‌ಗಾರ್ಟ್‌ನಲ್ಲಲ್ಲ, ಇಲ್ಲಿ, ಒಂದು ಹಳೇ ಮರದ ಮಿಲ್ಲಿನಲ್ಲಿ. ತಮ್ಮ ಪೋರ್ಷೆ ಭಕ್ತ ಅಂದಿರಲ್ಲ, ಅಲ್ಲೊಂದು ಖಾಸಗಿ ಮ್ಯೂಸಿಯಂ ಇದೆ.


ಬೆಣ್ಣೆದೋಸೆ:

ಎಲ್ಲರೂ ಕಾರಿನ ಕಥೆ ಹೇಳಿದಿರಿ, ಕಾಗದಪತ್ರದ ಕಥೆ ನಾನು ಹೇಳುತ್ತೇನೆ. ನಾವು ಗಂಡ-ಹೆಂಡತಿ ಇದೇ ಕಡೆ ಓಡಿಸಿದ್ದೇವೆ.

ಇಬ್ಬರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಆರ್‌ಟಿಒದಲ್ಲಿ 1,000 ರೂಪಾಯಿ ಫೀಸು, ಒಂದು ವರ್ಷ ನಡೆಯುತ್ತದೆ. ನಮ್ಮ ಲೈಸೆನ್ಸ್‌ನಲ್ಲಿ ಇಂಗ್ಲಿಷ್ ಇದೆಯಲ್ಲ, ಸಾಕು ಅಂತ ಹೇಳುವವರು ಸಿಗುತ್ತಾರೆ. ಇಟಲಿ, ಆಸ್ಟ್ರಿಯಾದಲ್ಲಿ ಪೊಲೀಸ್ ನಿಲ್ಲಿಸಿದಾಗ ಅವರು ಇರೋದಿಲ್ಲ. ಅಸಲಿ ಲೈಸೆನ್ಸೂ ಜೊತೆಗಿರಲಿ.

ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡೇ ಬೇಕು, ಅದೂ ಓಡಿಸುವವರ ಹೆಸರಲ್ಲಿ, ಹಾಗೇ ಲಿಮಿಟ್‌ನಲ್ಲಿ ಜಾಗ ಇರಬೇಕು. ಪಾಯಿಂಟ್ಸ್ ಸಿಗುತ್ತದೆ ಅಂತ ಆ ತಿಂಗಳು ಕಾರ್ಡ್ ತುಂಬಾ ಉಜ್ಜಿಕೊಂಡು ಹೋಗಬೇಡಿ. ಮಷೀನು ರೂಪಾಯಿಯಲ್ಲಿ ಕೊಡ್ತೀರಾ, ಯೂರೋದಲ್ಲಿ ಕೊಡ್ತೀರಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅವರ ದರ, ನಿಮ್ಮ ನಷ್ಟ. ಫಾರೆಕ್ಸ್ ಮಾರ್ಕ್‌ಅಪ್, ಅಂದರೆ ವಿದೇಶಿ ಖರ್ಚಿನ ಮೇಲೆ ಬ್ಯಾಂಕು ಹಾಕುವ ಚಾರ್ಜು, ಕಡಿಮೆ ಇರುವ ಕಾರ್ಡ್ ಯಾವುದೋ ಅದನ್ನ ಒಯ್ಯಿರಿ. ಮೂರೂವರೆ ಪರ್ಸೆಂಟ್ ಮತ್ತೆ ಅದರ ಮೇಲೆ ಜಿಎಸ್‌ಟಿ ಕೊಟ್ಟು ಒಂದು ಪರ್ಸೆಂಟಿನ ಪಾಯಿಂಟ್ ಗಳಿಸೋದು ಯಾವ ಜಾಣತನ?

ಇನ್ಶೂರೆನ್ಸ್ ಪೂರ್ತಿ ತಗೊಳ್ಳಿ, ಆದರೆ ಟೈರು, ಗಾಜು, ಕಾರಿನ ಕೆಳಭಾಗ ಸೇರಿದೆಯಾ ಅಂತ ಕೇಳಿ. ಬೆಟ್ಟದ ರಸ್ತೆಯಲ್ಲಿ ಪೆಟ್ಟು ಬೀಳೋದು ಅಲ್ಲಿಗೇ. ಕಾರು ಕೈಗೆ ಬಂದ ಕೂಡಲೇ ಸುತ್ತ ವಿಡಿಯೋ ಮಾಡಿ, ರಿಮ್ ಹತ್ತಿರದಿಂದ.

ಇಟಲಿಯ ಹಳೇ ಊರುಗಳ ನಡುವೆ ಝಡ್‌ಟಿಎಲ್ ಅಂತ ಬೋರ್ಡ್ ಇರುತ್ತದೆ, ಬಿಳಿ ಹಿನ್ನೆಲೆ, ಕೆಂಪು ಉಂಗುರ. ಅದರೊಳಗೆ ಊರವರ ಗಾಡಿ ಮಾತ್ರ. ಕ್ಯಾಮೆರಾ ಫೋಟೋ ತೆಗೆದುಕೊಂಡು ಸುಮ್ನೆ ಇರುತ್ತದೆ, ಯಾರೂ ತಡೆಯೋದಿಲ್ಲ. ತಿಂಗಳುಗಳಾದ ಮೇಲೆ ನಮ್ಮ ಪರಿಚಯದವರೊಬ್ಬರಿಗೆ ಮೈಸೂರಿನ ಮನೆಗೇ ಇಟಲಿಯಿಂದ ದಂಡದ ಕಾಗದ ಬಂತು. ಅದಕ್ಕೂ ಮೊದಲೇ ಬಾಡಿಗೆ ಕಂಪನಿ ವಿಳಾಸ ಕೊಟ್ಟ ಫೀಸು ಅಂತ ಬೇರೆ ಕಾರ್ಡಿನಿಂದ ಕಿತ್ತುಕೊಂಡಿತ್ತು. ಮೋಡೆನಾದಲ್ಲಿ ಹೋಟೆಲ್ ಹುಡುಕುವಾಗ ಹಳೇ ಊರಿನ ಹೊರಗೇ ಹುಡುಕಿ.

ಆಸ್ಟ್ರಿಯಾ ಹೈವೇಗೆ ವಿನ್ಯೆಟ್ ಅನ್ನೋ ಟೋಲ್ ಪಾಸ್ ಬೇಕು, ಹತ್ತು ದಿನದ್ದು 12 ಯೂರೋ ಚಿಲ್ಲರೆ. ಸ್ವಿಟ್ಜರ್‌ಲೆಂಡ್ ಹೈವೇಗೆ ಕಾಲಿಟ್ಟರೆ ವರ್ಷದ್ದೇ ಕೊಳ್ಳಬೇಕು, 40 ಫ್ರಾಂಕ್. ಒಂದು ಗಂಟೆ ಓಡಿಸಿದರೂ ಅಷ್ಟೇ.

ಊಟ. ಸಸ್ಯಾಹಾರಿಗಳಾದರೆ ಇಟಲಿಯಲ್ಲಿ ಚಿಂತೆಯಿಲ್ಲ. ಜರ್ಮನಿಯ ಹಳ್ಳಿಗಳಲ್ಲಿ ಕೇಸ್‌ಷ್ಪೆಟ್ಸ್‌ಲೆ ಅಂತ ಕೇಳಿ, ಚೀಸ್ ಹಾಕಿದ ಶಾವಿಗೆ ಥರ. ಎರಡು ಸಲ ಚೆನ್ನಾಗಿರುತ್ತದೆ, ಮೂರನೇ ಸಲ ಉಪ್ಪಿನಕಾಯಿ ನೆನಪಾಗುತ್ತದೆ. ಹೈವೇ ಟಾಯ್ಲೆಟ್‌ಗೆ 1 ಯೂರೋ, ಅವರು ಕೊಡುವ ಚೀಟಿ ಎಸೆಯಬೇಡಿ, ಅಂಗಡಿಯಲ್ಲಿ ಅಷ್ಟು ಕಳೆಯುತ್ತಾರೆ. ಪೆಟ್ರೋಲ್ ಹೈವೇ ಮೇಲೆ ಹಾಕಿಸಬೇಡಿ, ಎಕ್ಸಿಟ್ ತಗೊಂಡು ಹೊರಗೆ ಹೋದರೆ ಅಗ್ಗ.


ಮಲ್ನಾಡ್ ಮ್ಯಾನ್ಯುಯಲ್:

ಅಬ್ಬಾ, ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಲ ಮಾನ್, ಮೊನಾಕೊ, ಗುಡ್‌ವುಡ್ ತೆಗೆದಾಯಿತು. ಸ್ಪಾ ಕೂಡ ತೆಗೆದೆ, ಅದಕ್ಕೆ ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆ. ಮುಲೂಸ್ ಕಥೆ ಓದಿ ಅದು ಸೇರಿಸಲೇಬೇಕು ಅಂತ ನನಗೆ.

ಎರಡು ಅನುಮಾನ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಬಾಡಿಗೆ ಕಾರೇ ಓಡಿಸಬಹುದಾ? ಟಿಕೆಟ್ ಕೊಂಡರೆ ಯಾರು ಬೇಕಾದರೂ ಓಡಿಸಬಹುದು ಅಂತ ಕೇಳಿದ್ದೆ. ಮತ್ತೆ 911ದು ಏನು ಮಾಡೋಣ? ಎರಡು ವಾರವೂ ಅದನ್ನೇ ತಗೊಂಡರೆ ಹೇಗೆ ಅಂತ ತಮ್ಮ ಕೇಳುತ್ತಿದ್ದಾನೆ. ಫ್ಲೈಟ್, ಹೋಟೆಲ್ ದುಡ್ಡು ಉಳಿಯಿತಲ್ಲ ಅಂತ ಅವನ ವಾದ.


ನೆಕ್ಕರ್ ತೀರ:

ಟಿಕೆಟ್ ಕೊಂಡರೆ ಯಾರು ಬೇಕಾದರೂ ಓಡಿಸಬಹುದು ಅನ್ನೋದು ನಿಜ. ನಿಮ್ಮ ಬಾಡಿಗೆ ಕಾರು ಓಡಿಸಬಾರದು ಅನ್ನೋದೂ ನಿಜ. ಮಾಮೂಲಿ ಬಾಡಿಗೆ ಕರಾರಿನಲ್ಲಿ ರೇಸ್ ಟ್ರ್ಯಾಕ್ ನಿಷೇಧ, ನ್ಯೂರ್ಬರ್ಗ್‌ರಿಂಗ್ ಅಂತ ಹೆಸರು ಹಿಡಿದೇ ಬರೆದಿರುವವರೂ ಇದ್ದಾರೆ. ಇನ್ಶೂರೆನ್ಸ್ ಅಲ್ಲಿಗೇ ಮುಗಿಯಿತು. ತಡೆಗಂಬಿಗೆ ಗುದ್ದಿದರೆ ಕಂಬಿಯ ದುಡ್ಡು, ಎಳೆದು ತರುವ ಗಾಡಿಯ ದುಡ್ಡು, ಟ್ರ್ಯಾಕ್ ಮುಚ್ಚಿದ್ದಕ್ಕೆ ದುಡ್ಡು, ಎಲ್ಲ ನಿಮ್ಮ ತಲೆ ಮೇಲೆ.

ನ್ಯೂರ್ಬರ್ಗ್ ಊರಲ್ಲೇ ರಿಂಗ್‌ಗೆ ಅಂತಲೇ ತಯಾರು ಮಾಡಿದ ಕಾರು ಬಾಡಿಗೆಗೆ ಕೊಡುವವರಿದ್ದಾರೆ. ಕಾರು ಪಲ್ಟಿಯಾದರೆ ಒಳಗಿನವರನ್ನ ಕಾಪಾಡುವ ಕಂಬಿಗೂಡು (ರೋಲ್ ಕೇಜ್) ಹಾಕಿರುತ್ತಾರೆ, ದುಬಾರಿ, ಇನ್ಶೂರೆನ್ಸ್ ಮಿತಿಯೂ ದೊಡ್ಡದು. ಮೊದಲ ಸಲ ಆದರೆ ಪಕ್ಕದಲ್ಲಿ ಕೂತು ಒಂದು ಲ್ಯಾಪ್ ಹೋಗಿ. ಅದಕ್ಕೆ ರಿಂಗ್ ಟ್ಯಾಕ್ಸಿ ಅಂತಾರೆ. ಒಂದು ಲ್ಯಾಪ್ ಅಂದರೆ 20.8 ಕಿಲೋಮೀಟರ್, ಎಡಕ್ಕೋ ಬಲಕ್ಕೋ ಅಂತ ನೆನಪಿಟ್ಟುಕೊಳ್ಳಲಾಗದಷ್ಟು ತಿರುವು. ರೇಸರ್ ಜಾಕಿ ಸ್ಟೀವರ್ಟ್ ಅದಕ್ಕೆ ಹಸಿರು ನರಕ ಅಂತ ಹೆಸರಿಟ್ಟಿದ್ದು ಸುಮ್ನೆ ಅಲ್ಲ. ನೀವೇ ಓಡಿಸೋದಾದರೆ ಬಲಗಡೆಗೇ ಇರಿ, ಕನ್ನಡಿ ನೋಡುತ್ತಿರಿ, ಹಿಂದಿನವರಿಗೆ ಎಡದಿಂದ ದಾರಿ ಬಿಡಿ. ಸಾರ್ವಜನಿಕರಿಗೆ ತೆರೆಯುವ ದಿನಗಳ ಕ್ಯಾಲೆಂಡರ್ ಅವರ ಸೈಟಿನಲ್ಲಿದೆ. ಅದನ್ನ ನೋಡದೆ ಫ್ಲೈಟ್ ಬುಕ್ ಮಾಡಬೇಡಿ, ರೇಸು ಇದ್ದ ದಿನ ಗೇಟಿನಿಂದಲೇ ವಾಪಸ್.

911 ಎರಡು ವಾರಕ್ಕೆ ಬೇಡ. ಅದರ ಡಿಕ್ಕಿ ಮುಂದಿದೆ, ಒಂದು ಚಿಕ್ಕ ಸೂಟ್‌ಕೇಸು ಹಿಡಿಯುತ್ತದೆ. ಇನ್ನೊಬ್ಬನ ಬಟ್ಟೆ ಹಿಂದಿನ ಸೀಟಿನಲ್ಲಿ, ಕಳ್ಳರಿಗೆ ಕಾಣೋ ಹಾಗೆ. ಜೊತೆಗೆ ಬೆಲೆಬಾಳುವ ಜರ್ಮನ್ ಕಾರುಗಳನ್ನ ಇಟಲಿಗೆ ಒಯ್ಯಬಾರದು ಅನ್ನೋ ಷರತ್ತು ಹಾಕುವ ಕಂಪನಿಗಳಿವೆ, ಅಲ್ಲಿಗೆ ಮರನೆಲ್ಲೋ ಕತೆ ಮುಗಿಯಿತು. ಸ್ಟುಟ್‌ಗಾರ್ಟ್‌ನಲ್ಲಿ ಒಂದೇ ದಿನಕ್ಕೆ ತಗೊಳ್ಳಿ, ಪೋರ್ಷೆ ಕಂಪನಿಯೇ ಬಾಡಿಗೆಗೆ ಕೊಡುತ್ತದೆ. ವಯಸ್ಸಿನ ಮಿತಿ, ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ ಮೊದಲೇ ನೋಡಿ. ಬ್ಲ್ಯಾಕ್ ಫಾರೆಸ್ಟ್‌ನ ಬಿ500 ರಸ್ತೆ ಹತ್ತಿರದಲ್ಲೇ ಇದೆ, ವಾರದ ದಿನ ಹೋಗಿ. ಆಟೋಬಾನ್‌ನಲ್ಲಿ ಮಿತಿ ಇಲ್ಲದ ಕಡೆಯೂ 130 ಅನ್ನೋ ಸಲಹೆಯ ವೇಗ ಇದೆ. ಅದಕ್ಕಿಂತ ಜಾಸ್ತಿ ಹೋಗುವಾಗ ಅಪಘಾತ ಆದರೆ ತಪ್ಪು ನಿಮ್ಮದಲ್ಲದಿದ್ದರೂ ಒಂದು ಪಾಲು ನಿಮ್ಮ ತಲೆಗೆ ಬರಬಹುದು.

ಮರನೆಲ್ಲೋದಲ್ಲಿ ಮ್ಯೂಸಿಯಂ ಹೊರಗೇ ಫೆರಾರಿ ಹತ್ತು ಇಪ್ಪತ್ತು ನಿಮಿಷಕ್ಕೆ ಬಾಡಿಗೆಗೆ ಕೊಡುತ್ತಾರೆ, ಪಕ್ಕದಲ್ಲಿ ಅವರ ಮನುಷ್ಯ ಕೂರುತ್ತಾನೆ. ಊರೊಳಗಿನ ಟ್ರಾಫಿಕ್ಕಿನಲ್ಲಿ ಫೆರಾರಿ ಓಡಿಸಿ ಫೋಟೋ ತೆಗೆಸಿಕೊಳ್ಳೋದು. ಬೇಕಾದರೆ ಮಾಡಿ, ನಾನಂತೂ ಮಾಡಿಲ್ಲ.


ಹಳೇಗಾಡಿ:

ಮೋಡೆನಾ ಕಡೆ ಒಂದು ಎಚ್ಚರ. ಲ್ಯಾಂಬೋರ್ಗಿನಿ ಮ್ಯೂಸಿಯಂ ಎರಡಿವೆ. ಕಂಪನಿಯದ್ದು ಸಾಂತಗಾತಾ ಬೊಲೊನೇಸೆಯಲ್ಲಿ, ಫ್ಯಾಕ್ಟರಿ ಪಕ್ಕ. ಇನ್ನೊಂದು ಫೆರುಚ್ಚೋ ಲ್ಯಾಂಬೋರ್ಗಿನಿ ಮನೆಯವರದ್ದು, ಫೂನೋ ಅನ್ನೋ ಕಡೆ. ಟ್ರ್ಯಾಕ್ಟರ್ ಎಲ್ಲ ಇರೋದು ಅಲ್ಲಿ. ನನಗೆ ಎರಡನೆಯದೇ ಇಷ್ಟ. ಫೆರಾರಿಯದ್ದೂ ಎರಡು: ಮರನೆಲ್ಲೋದ್ದು ರೇಸು, ಮೋಡೆನಾದ್ದು ಕಂಪನಿ ಕಟ್ಟಿದ ಎನ್ಜೋ ಫೆರಾರಿ ಹುಟ್ಟಿದ ಮನೆ ಮತ್ತು ಪಕ್ಕದಲ್ಲಿ ಹಳದಿ ಬಾನೆಟ್ ಥರದ ಮಾಡಿನ ಕಟ್ಟಡ. ಎರಡಕ್ಕೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ಅದೇ ಕಡೆಯ ಇನ್ನೊಂದು ಸೂಪರ್‌ಕಾರ್ ಕಂಪನಿ ಪಗಾನಿ ನೋಡಬೇಕಾದರೆ ಬಹಳ ಮೊದಲೇ ಬುಕ್ ಮಾಡಿ.


ಪಾಯಿಂಟ್ಸ್ ಪಂಡಿತ:

ಈಗ ಕೆಲಸದ ಅನುಕ್ರಮ. ಮೊದಲು ರಿಂಗ್ ಕ್ಯಾಲೆಂಡರ್, ಆಮೇಲೆ ಸೀಟು, ಆಮೇಲೆ ಟ್ರಾನ್ಸ್‌ಫರ್. ವೀಸಾ ಆರು ತಿಂಗಳ ಮೊದಲಿನಿಂದ ಹಾಕಬಹುದು, ಫೀಸು 90 ಯೂರೋ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶದ ವೀಸಾ. ಈ ದಾರಿಯಲ್ಲಿ ಅದು ಜರ್ಮನಿ, ಆದರೆ ಮೋಡೆನಾದಲ್ಲಿ ಮನಸೋತು ರಾತ್ರಿ ಸೇರಿಸುತ್ತಾ ಹೋದರೆ ಇನ್ನೊಮ್ಮೆ ಎಣಿಸಿ. ಹೋಟೆಲ್ ಎಲ್ಲ ಕ್ಯಾನ್ಸಲ್ ಮಾಡಲು ಬರುವಂಥದ್ದೇ ಇರಲಿ. ಮೈಲ್ಸ್ ಟಿಕೆಟ್‌ನ ಒಂದು ಲಾಭ ಏನಂದರೆ ವೀಸಾ ಬರದಿದ್ದರೆ ಸಾಮಾನ್ಯವಾಗಿ ಒಂದು ಫೀಸು ಕಟ್ಟಿ ಮೈಲ್ಸ್ ವಾಪಸ್ ಪಡೆಯಬಹುದು. ಬುಕ್ ಮಾಡುವ ಮೊದಲು ಆ ಪ್ರೋಗ್ರಾಂನ ನಿಯಮ ಓದಿ.


ಮಲ್ನಾಡ್ ಮ್ಯಾನ್ಯುಯಲ್:

ಈಗಷ್ಟೇ ಹುಡುಕಿದೆ. ಹೋಗೋದಕ್ಕೆ ಫ್ರಾಂಕ್‌ಫರ್ಟ್‌ಗೆ ಎರಡು ಸೀಟು ಕಾಣುತ್ತಿವೆ. ಬರುವಾಗ ಮ್ಯೂನಿಕ್‌ನಿಂದ ನಮಗೆ ಬೇಕಾದ ದಿನ ಒಂದೇ ಸೀಟು ಇದೆ. ಮಾರನೇ ದಿನವೂ ಒಂದೇ.


ಪಾಯಿಂಟ್ಸ್ ಪಂಡಿತ:

ಹೋಗುವ ಎರಡನ್ನ ಇವತ್ತೇ ಹಿಡಿಯಿರಿ. ಬರೋದಕ್ಕೆ ಮ್ಯೂನಿಕ್‌ನಿಂದ ಪ್ಯಾರಿಸ್ ಮೇಲೆ ಫ್ಲೈಯಿಂಗ್ ಬ್ಲೂನಲ್ಲಿ ನೋಡಿ, ಬೇರೆ ಬ್ಯಾಂಕಿನ ಪಾಯಿಂಟ್ಸ್ ಅಲ್ಲಿಗೆ ಹೋಗಬಹುದು. ಅದೂ ಇಲ್ಲವಾದರೆ ಒಬ್ಬರು ನೇರ ಫ್ಲೈಟ್, ಒಬ್ಬರು ಪ್ಯಾರಿಸ್ ಮೇಲೆ. ಯಾರು ಯಾವುದರಲ್ಲಿ ಅಂತ ನೀವೇ ಜಗಳ ಆಡಿಕೊಳ್ಳಿ. ಸ್ಪಾ ತೆಗೆದದ್ದಕ್ಕೆ ತಮ್ಮನಿಗೆ ನೇರ ಫ್ಲೈಟ್ ಕೊಟ್ಟರೂ ಆಯಿತು.